ಮನೆ ಮುಂದಿನ ಜಗಲಿಗೆ ಕಾಂಪೋಸಿಟ್ ಹಲಗೆ ಹಾಸುವುದು ಹೇಗೆ

ಜಗಲಿಯ ಮರದ ನೆಲ ಸಾಮಾನ್ಯವಾಗಿ ಹಾಳಾಗುವುದು ಹೊರ ಅಂಚಿನಿಂದ. ಮೇಲೆ ಚಾವಣಿ ಇದ್ದರೂ ಗಾಳಿಮಳೆಗೆ ಎರಚಲು ಹೊಡೆಯುವುದು ಅಲ್ಲೇ, ನೀರು ನಿಲ್ಲುವುದೂ ಅಲ್ಲೇ. ಹಲಗೆಯ ತುದಿ ನೀರು ಹೀರಿಕೊಳ್ಳುತ್ತದೆ, ಬಣ್ಣ ಚಕ್ಕೆಯೇಳುತ್ತದೆ, ಆಮೇಲೆ ಮರ ಲಡ್ಡಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಕೆರೆದು ಬಣ್ಣ ಬಳಿದು ಬೇಸತ್ತವರು ಕಾಂಪೋಸಿಟ್ ಹಲಗೆಯ ಕಡೆ ನೋಡುತ್ತಾರೆ. ಆ ಯೋಚನೆ ಸರಿಯಾದದ್ದೇ. ಆದರೆ ಹಲಗೆ ಬದಲಿಸಿದ ಮಾತ್ರಕ್ಕೆ ನೀರಿನ ದಾರಿ ಬದಲಾಗುವುದಿಲ್ಲ. ಕಾಂಪೋಸಿಟ್ ಹಲಗೆ ಕೊಳೆಯದೆ ಉಳಿದು, ಅದರಡಿಯ ಮರದ ಜಂತೆ ಸದ್ದಿಲ್ಲದೆ ಕೊಳೆತುಹೋದರೆ ಖರ್ಚು ಮಾಡಿದ್ದೆಲ್ಲ ದಂಡ. ಹಾಗಾಗಿ ಹಲಗೆಯ ಬಗ್ಗೆ ಎಷ್ಟು ಹೇಳಬೇಕೋ ಅದರ ಕೆಳಗಿನ ಚೌಕಟ್ಟು, ನೀರು, ಗಾಳಿಯ ಬಗ್ಗೆಯೂ ಇಲ್ಲಿ ಅಷ್ಟೇ ಹೇಳಿದ್ದೇನೆ.

ಹಲಗೆಯೊಳಗೆ ಏನಿದೆ

ಮರದ ಪುಡಿ ಅಥವಾ ನಾರನ್ನು ಪ್ಲಾಸ್ಟಿಕ್ ಜೊತೆ ಕಾಯಿಸಿ, ಅಚ್ಚಿನಿಂದ ಉದ್ದಕ್ಕೆ ಒತ್ತಿ ತೆಗೆದದ್ದು ಕಾಂಪೋಸಿಟ್ ಹಲಗೆ. ಹೆಚ್ಚಿನವುಗಳಲ್ಲಿ ಅರ್ಧದಷ್ಟೋ ಅದಕ್ಕಿಂತ ತುಸು ಹೆಚ್ಚೋ ಮರವಿರುತ್ತದೆ; ಉಳಿದದ್ದು ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಅಥವಾ ಪಿವಿಸಿ. 1990ರ ದಶಕದಲ್ಲಿ ಬಂದ ಹಲಗೆಗಳಿಗೆ ಮೇಲ್ಹೊದಿಕೆ ಇರಲಿಲ್ಲ. ಮೈಮೇಲಿನ ಮರದ ಪುಡಿ ನೇರವಾಗಿ ಮಳೆಬಿಸಿಲಿಗೆ ಒಡ್ಡಿಕೊಂಡು, ಬಣ್ಣ ಮಾಸಿ, ಕಪ್ಪು ಬೂಷ್ಟಿನ ಚುಕ್ಕೆಗಳು ಬೀಳುತ್ತಿದ್ದವು. 2010ರ ಆಸುಪಾಸಿನಿಂದ ಹಲಗೆಯ ಸುತ್ತ ತೆಳುವಾದ ಗಟ್ಟಿ ಪ್ಲಾಸ್ಟಿಕ್ ಪದರ ಕೂರಿಸಿದ ‘ಕ್ಯಾಪ್ಡ್’ ಹಲಗೆಗಳು ಎಲ್ಲೆಡೆ ಬಳಕೆಗೆ ಬಂದವು. ಜಗಲಿಗೆ ಅಂಥದ್ದನ್ನೇ ತನ್ನಿ. ಮೇಲ್ಹೊದಿಕೆಯಿಲ್ಲದ ಹಲಗೆಯಲ್ಲಿ ಉಳಿಸಿದ ಹಣ ಕಲೆ ತಿಕ್ಕುವ ಶ್ರಮದಲ್ಲಿ ಹೋಗುತ್ತದೆ.

ಕ್ಯಾಪ್ಡ್ ಹಲಗೆಯಲ್ಲೂ ಎರಡು ಬಗೆ. ಕೆಲವಕ್ಕೆ ನಾಲ್ಕೂ ಬದಿಗೆ ಹೊದಿಕೆ ಇರುತ್ತದೆ, ಕೆಲವಕ್ಕೆ ಮೇಲೆ ಮತ್ತು ಎರಡು ಪಕ್ಕಕ್ಕೆ ಮಾತ್ರ. ನಿಮ್ಮ ಜಗಲಿ ನೆಲಕ್ಕೆ ಹತ್ತಿರವಿದ್ದು, ಅಡಿಯಲ್ಲಿ ತೇವ ಇರುವುದಾದರೆ ನಾಲ್ಕು ಬದಿಯದೇ ಸರಿ. ಇನ್ನೊಂದು ಭೇದ ಗಟ್ಟಿ ಹಲಗೆ ಮತ್ತು ಟೊಳ್ಳು ಹಲಗೆಯದು. ಟೊಳ್ಳು ಹಲಗೆ ಹಗುರ, ಅಗ್ಗ. ಆದರೆ ಕತ್ತರಿಸಿದ ತುದಿಗೆಲ್ಲ ಮುಚ್ಚಳ ಬೇಕು, ಇಲ್ಲದಿದ್ದರೆ ಒಳಗೆ ಹುಳಹುಪ್ಪಟೆ ಸೇರಿಕೊಳ್ಳುತ್ತವೆ. ಭಾರವಾದ ವಸ್ತು ಮೂಲೆಯ ಮೇಲೆ ಬಿದ್ದರೆ ಬಿರುಕು ಬಿಡುವುದೂ ಉಂಟು. ಜನ ನಿಂತು ಚಪ್ಪಲಿ ಬಿಡುವ, ಸಾಮಾನು ಇಳಿಸುವ ಜಾಗವಾದ ಜಗಲಿಗೆ ನನ್ನ ಆಯ್ಕೆ ಗಟ್ಟಿ ಹಲಗೆಯೇ.

ಮರದ ಅಂಶವೇ ಇಲ್ಲದ, ಪೂರಾ ಪಿವಿಸಿಯ ಹಲಗೆಯನ್ನೂ ಮಾರುವವರು ಇದೇ ಸಾಲಿನಲ್ಲಿ ಇಟ್ಟಿರುತ್ತಾರೆ. ಅದು ಹಗುರ, ನೀರಿಗೆ ಜಗ್ಗದು, ಆದರೆ ಬಿಸಿಲಿಗೆ ಹಿಗ್ಗುವುದು ಹೆಚ್ಚು. ಅದರ ಪ್ರಸ್ತಾಪ ಮುಂದೆ ಮತ್ತೆ ಬರುತ್ತದೆ.

ಕೊಳ್ಳುವ ಮೊದಲು ಎರಡು ಮೂರು ಬಣ್ಣದ ಮಾದರಿ ತುಂಡುಗಳನ್ನು ತಂದು ಜಗಲಿಯ ಹೊರ ಅಂಚಿನಲ್ಲಿ, ನಡುಮಧ್ಯಾಹ್ನದ ಬಿಸಿಲಿಗೆ ಒಂದು ಗಂಟೆ ಇಡಿ. ಆಮೇಲೆ ಬರಿಗಾಲಲ್ಲಿ ನಿಂತು ನೋಡಿ. ಕಾಂಪೋಸಿಟ್ ಮರಕ್ಕಿಂತ ಹೆಚ್ಚು ಕಾಯುತ್ತದೆ. ಗಾಢ ಬಣ್ಣವಂತೂ ಕಾಲಿಡಲಾಗದಷ್ಟು. ಚಾವಣಿಯ ನೆರಳು ಒಳಭಾಗವನ್ನು ಕಾಯ್ದರೂ ಮೆಟ್ಟಿಲು ಮತ್ತು ಮುಂಭಾಗದ ಎರಡಡಿ ಬಿಸಿಲಲ್ಲೇ ಇರುತ್ತವೆ. ಅದೇ ತುಂಡಿಗೆ ನೀರು ಚಿಮುಕಿಸಿ, ಪಾದ ಒತ್ತಿ ಜಾರಿಸಿ ನೋಡಿ. ಒಣಗಿದಾಗ ಚೆಂದ ಕಾಣುವ ನುಣುಪು ಮೈ ಒದ್ದೆಯಾದಾಗ ಕೈಕೊಡಬಹುದು. ವಯಸ್ಸಾದವರು, ಮಕ್ಕಳು ಓಡಾಡುವ ಮನೆಯಲ್ಲಿ ಈ ಪರೀಕ್ಷೆಯನ್ನು ಬಿಡಲೇಬೇಡಿ.

ಮೊದಲ ತೀರ್ಮಾನ: ನೀರು ಎಲ್ಲಿಂದ ಹೋಗಬೇಕು

ಮನೆ ಹಿಂದಿನ ತೆರೆದ ಡೆಕ್‌ಗೂ ಮುಂದಿನ ಜಗಲಿಗೂ ಇರುವ ವ್ಯತ್ಯಾಸ ಇಲ್ಲಿದೆ. ಡೆಕ್‌ನಲ್ಲಿ ಹಲಗೆಗಳ ನಡುವೆ ಸಂದಿ ಬಿಟ್ಟಿರುತ್ತಾರೆ, ನೀರು ಅದರಿಂದಲೇ ಕೆಳಗಿಳಿಯುತ್ತದೆ. ಹಳೆಯ ಕಾಲದ ಮರದ ಜಗಲಿಯಲ್ಲಿ ಒಂದು ಹಲಗೆಯ ಅಂಚಿನ ನಾಲಗೆ ಇನ್ನೊಂದರ ಸೀಳಿನೊಳಗೆ ಕೂರುವ ಟಂಗ್ ಅಂಡ್ ಗ್ರೂವ್ ಜೋಡಣೆ ಇರುತ್ತದೆ. ಅಲ್ಲಿ ಸಂದಿಯಿಲ್ಲ, ನೀರು ಮೇಲ್ಮೈ ಮೇಲೆಯೇ ಹರಿದು ಹೊರ ಅಂಚಿನಿಂದ ಬೀಳಬೇಕು. ಈ ಎರಡರಲ್ಲಿ ನಿಮಗೆ ಯಾವುದು ಬೇಕೆಂದು ಹಲಗೆ ಕೊಳ್ಳುವ ಮೊದಲೇ ತೀರ್ಮಾನವಾಗಬೇಕು, ಏಕೆಂದರೆ ಜಂತೆಗಳ ದಿಕ್ಕೂ ಅದನ್ನೇ ಅವಲಂಬಿಸಿದೆ.

ಸಂದಿಯಿಲ್ಲದ ನೆಲವೇ ಬೇಕೆಂದರೆ ಅದಕ್ಕೆಂದೇ ಮಾಡಿದ ಜಗಲಿ ಹಲಗೆ ತನ್ನಿ. ಅವು ಬಹುಪಾಲು ಪೂರಾ ಪಿವಿಸಿಯವು. ಸಾಮಾನ್ಯ ಡೆಕ್ ಹಲಗೆಯನ್ನು ಒತ್ತೊತ್ತಾಗಿ ಹಾಸಿ ಜಗಲಿ ಮಾಡುವ ಆಸೆ ಬೇಡ. ಅದಕ್ಕೆ ಹಿಗ್ಗಲು ಜಾಗವಿರುವುದಿಲ್ಲ, ಸಂದಿಯಲ್ಲಿ ಹೊಕ್ಕ ನೀರು ಹೊರಬರುವುದಿಲ್ಲ. ಟಂಗ್ ಅಂಡ್ ಗ್ರೂವ್ ಹಲಗೆಗಳು ಮನೆಯ ಗೋಡೆಯಿಂದ ಹೊರಮುಖವಾಗಿ ಹೋಗಬೇಕು, ಆಗ ನೀರು ಹಲಗೆಯ ಉದ್ದಕ್ಕೇ ಹರಿಯುತ್ತದೆ, ಜೋಡಣೆಗಳನ್ನು ದಾಟುವ ಪ್ರಮೇಯ ಬರುವುದಿಲ್ಲ. ಅಂದರೆ ಕೆಳಗಿನ ಜಂತೆಗಳು ಗೋಡೆಗೆ ಸಮಾನಾಂತರವಾಗಿ ಇರಬೇಕು. ವಾಟ ಒಂದು ಮೀಟರಿಗೆ ಸುಮಾರು 20 ಮಿ.ಮೀ., ಅಡಿ ಲೆಕ್ಕದಲ್ಲಿ ಒಂದಡಿಗೆ ಕಾಲು ಇಂಚು. 2.4 ಮೀಟರ್ ಆಳದ ಜಗಲಿಯಲ್ಲಿ ಗೋಡೆ ಬದಿಗಿಂತ ಹೊರ ಅಂಚು ಸುಮಾರು 50 ಮಿ.ಮೀ. ತಗ್ಗಿರಬೇಕು ಎಂದಾಯಿತು.

ಇದನ್ನು ಅಳೆಯಲು ಸುಲಭದ ಉಪಾಯವಿದೆ. ಒಂದು ಮೀಟರ್ ಉದ್ದದ ರಸಮಟ್ಟದ ಒಂದು ತುದಿಯ ಅಡಿಗೆ 20 ಮಿ.ಮೀ. ದಪ್ಪದ ಮರದ ಚೂರನ್ನು ಟೇಪಿನಿಂದ ಕಟ್ಟಿ. ಆ ತುದಿಯನ್ನು ಹೊರಕ್ಕೆ ಮಾಡಿ ನೆಲದ ಮೇಲೆ ಇಟ್ಟಾಗ ಗುಳ್ಳೆ ಸರಿಯಾಗಿ ನಡುವೆ ನಿಂತರೆ ವಾಟ ಸರಿ. ಗುಳ್ಳೆ ಹೊರ ಅಂಚಿನ ಕಡೆ ಸರಿದರೆ ಇಳಿಜಾರು ಸಾಲದು. ಇಡೀ ಜಗಲಿಯಲ್ಲಿ ನಾಲ್ಕೈದು ಕಡೆ ಹೀಗೆ ನೋಡಿ. ಹಳೆಯ ಜಗಲಿಗಳು ಒಂದು ಮೂಲೆಗೆ ಕುಸಿದಿರುವುದು ಇದರಿಂದಲೇ ಗೊತ್ತಾಗುತ್ತದೆ.

ಸಂದಿ ಬಿಟ್ಟು ಹಾಸುವ ಡೆಕ್ ಹಲಗೆಯಾದರೆ ಕೆಲಸ ಹಗುರ. ಹಲಗೆಗಳು ಗೋಡೆಗೆ ಸಮಾನಾಂತರವಾಗಿಯೂ ಇರಬಹುದು, ಹೊರಮುಖವಾಗಿಯೂ ಇರಬಹುದು. ಆದರೆ ಬಿದ್ದ ನೀರೆಲ್ಲ ಈಗ ಜಗಲಿಯ ಅಡಿಗೆ ಹೋಗುತ್ತದೆ! ಅಲ್ಲಿನ ಮಣ್ಣು ಮನೆಯ ಕಡೆ ತಗ್ಗಿದ್ದರೆ ಅಡಿಪಾಯದ ಬುಡದಲ್ಲಿ ನೀರು ಮಡುಗಟ್ಟುತ್ತದೆ. ಹಲಗೆ ಹಾಸುವ ಮುನ್ನ ಮಣ್ಣನ್ನು ಮನೆಯಿಂದ ಹೊರಕ್ಕೆ ಇಳಿಜಾರು ಮಾಡಿ, ಕಳೆ ಬೆಳೆಯದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಮೇಲೆ ಜಲ್ಲಿ ಹರಡಿ. ನೆಲ ಮುಚ್ಚಿದ ಮೇಲೆ ಇದನ್ನು ಮಾಡಲು ಯಾರಿಂದಲೂ ಆಗುವುದಿಲ್ಲ.

ಚಾವಣಿ ಚೆನ್ನಾಗಿ ಮುಂಚಾಚಿದ್ದು, ಎರಚಲು ಕಡಿಮೆ ಇರುವ ಜಗಲಿಗೆ ನಾನು ಟಂಗ್ ಅಂಡ್ ಗ್ರೂವ್ ಹೇಳುತ್ತೇನೆ. ನೋಟಕ್ಕೆ ಅದೇ ಹಳೆಯ ಮನೆಗೆ ಒಪ್ಪುತ್ತದೆ, ಸಣ್ಣ ಸಾಮಾನು ಸಂದಿಗೆ ಬೀಳುವುದಿಲ್ಲ. ಮಳೆ ನೇರವಾಗಿ ಒಳಗೆ ಬೀಳುವಂತಿದ್ದರೆ ಸಂದಿ ಬಿಟ್ಟ ಹಲಗೆಯೇ ಮೇಲು.

ಹಳೆಯ ನೆಲ ಕಿತ್ತು ನೋಡುವುದು

ಹಳೆಯ ಮರದ ಹಲಗೆಗಳ ಮೇಲೆಯೇ ಕಾಂಪೋಸಿಟ್ ಹಾಸಿಬಿಡೋಣ ಎಂದು ಕೆಲವರು ಸಲಹೆ ಕೊಡುತ್ತಾರೆ. ಬೇಡ. ಎರಡು ಪದರಗಳ ನಡುವೆ ತೇವ ಸಿಕ್ಕಿಹಾಕಿಕೊಳ್ಳುತ್ತದೆ, ಜಂತೆಯ ಸ್ಥಿತಿ ಕಾಣುವುದಿಲ್ಲ, ನೆಲ ಎತ್ತರವಾಗಿ ಬಾಗಿಲು ತಾಗುತ್ತದೆ. ಹಳೆಯದನ್ನು ಪೂರ್ತಿ ಕೀಳಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದ್ದರೆ ಒಣಗಿದಂತೆ ಉಜ್ಜಬೇಡಿ. ಮಾಸ್ಕ್ ಹಾಕಿಕೊಂಡು ಹಲಗೆಯನ್ನು ಇಡಿಯಾಗಿ ಎಬ್ಬಿಸಿ ತೆಗೆಯಿರಿ.

ಆದರೆ ಕೀಳುವ ಮೊದಲು ಕಂಬಗಳನ್ನು ನೋಡಿ. ಇಡೀ ಕೆಲಸದಲ್ಲಿ ಅಪಾಯವಿರುವ ಜಾಗ ಇದೊಂದೇ. ಎಷ್ಟೋ ಹಳೆಯ ಜಗಲಿಗಳಲ್ಲಿ ಚಾವಣಿ ಹೊತ್ತ ಕಂಬಗಳು ಅಡಿಪಾಯದವರೆಗೆ ಇಳಿಯದೆ ನೆಲದ ಹಲಗೆಗಳ ಮೇಲೆಯೇ ಕೂತಿರುತ್ತವೆ. ಅಂಥ ಕಂಬದಡಿಯ ಹಲಗೆ ಎಳೆದರೆ ಚಾವಣಿ ಕುಸಿಯಬಹುದು. ಕಂಬದ ಬುಡದಲ್ಲಿ ಹಲಗೆ ಸುತ್ತುವರಿದು ನಿಂತಿದೆಯೋ, ಕಂಬದ ಅಡಿಗೆ ನುಗ್ಗಿದೆಯೋ ಎಂದು ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ. ಅಡಿಗೆ ನುಗ್ಗಿದ್ದರೆ ಚಾವಣಿಗೆ ತಾತ್ಕಾಲಿಕ ಆಸರೆ ಕೊಡದೆ ಒಂದು ಮೊಳೆಯನ್ನೂ ಕೀಳಬೇಡಿ, ಆ ಕೆಲಸವನ್ನು ತಿಳಿದ ಎಂಜಿನಿಯರ್ ಅಥವಾ ಅನುಭವಿ ಮೇಸ್ತ್ರಿಗೇ ಬಿಡಿ. ಹೊಸ ನೆಲದಲ್ಲಿ ಕಂಬದ ಭಾರ ಕಾಂಪೋಸಿಟ್ ಹಲಗೆಯ ಮೇಲೆ ಬೀಳಲೇಕೂಡದು. ಭಾರ ಹೊರುವ ಶಕ್ತಿ ಅದಕ್ಕಿಲ್ಲ, ನಿಧಾನವಾಗಿ ಅಮುಕಿಹೋಗುತ್ತದೆ. ಕಂಬದಡಿ ಗಟ್ಟಿ ಮರದ ದಿಮ್ಮಿಯೋ ಲೋಹದ ಪಾದವೋ ಇದ್ದು, ಭಾರ ನೇರ ತೊಲೆಗೆ, ಅಲ್ಲಿಂದ ಅಡಿಪಾಯಕ್ಕೆ ಇಳಿಯಬೇಕು. ಹಲಗೆಯನ್ನು ಕಂಬದ ಸುತ್ತ ಕತ್ತರಿಸಿ ಹೊಂದಿಸಬೇಕು. ಕೈಪಿಡಿ ಕಂಬಿಗೂ ಇದೇ ಮಾತು: ಅದರ ಗೂಟಗಳನ್ನು ಹಲಗೆಗೆ ಸ್ಕ್ರೂ ಹೊಡೆದು ನಿಲ್ಲಿಸಬೇಡಿ, ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಕಂಬಿಯ ಎತ್ತರ, ಅಂತರಗಳಿಗೆ ನಿಮ್ಮ ಊರಿನ ಕಟ್ಟಡ ನಿಯಮ ಏನು ಹೇಳುತ್ತದೆಂದು ಮೊದಲೇ ವಿಚಾರಿಸಿ.

ನೆಲ ಕಿತ್ತ ಮೇಲೆ ಹಳೆಯ ಸ್ಕ್ರೂಡ್ರೈವರ್ ಒಂದನ್ನು ಹಿಡಿದು ಪ್ರತಿ ಜಂತೆಯ ಮೇಲ್ಭಾಗವನ್ನೂ ಗೋಡೆ ಸೇರುವ ತುದಿಯನ್ನೂ ಚುಚ್ಚುತ್ತ ಹೋಗಿ. ಗಟ್ಟಿ ಮರದಲ್ಲಿ ಮೊನೆ ನಿಲ್ಲುತ್ತದೆ. ಮೆತ್ತಗೆ ಒಳಗಿಳಿದರೆ, ಮರ ಎಳೆಯೆಳೆಯಾಗಿ ಎದ್ದರೆ, ಅದು ಮುಗಿದ ಜಂತೆ, ಬದಲಾಯಿಸಿ. ಮೇಲಿನ 5 ಮಿ.ಮೀ. ಮಾತ್ರ ಮೆತ್ತಗಾಗಿ ಉಳಿದದ್ದು ಗಟ್ಟಿಯಿದ್ದರೆ ಪಕ್ಕಕ್ಕೆ ಹೊಸ ಜಂತೆ ಜೋಡಿಸಿ ಬೋಲ್ಟ್ ಹಾಕಿದರೂ ನಡೆಯುತ್ತದೆ. ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಅದರ ಮೂಲ ಹುಡುಕಿ ಮದ್ದು ಮಾಡಿದ ಮೇಲೆಯೇ ಮುಂದಿನ ಹೆಜ್ಜೆ.

ಆಮೇಲೆ ಜಂತೆಗಳ ಅಂತರ. ಹೆಚ್ಚಿನ ಕಾಂಪೋಸಿಟ್ ಹಲಗೆಗಳು ನಡುವಿನಿಂದ ನಡುವಿಗೆ 400 ಮಿ.ಮೀ., ಅಂದರೆ 16 ಇಂಚು ಮೀರದ ಅಂತರ ಕೇಳುತ್ತವೆ. ಹಲಗೆಯನ್ನು ಓರೆಯಾಗಿ ಹಾಸುವುದಾದರೆ, ಮೆಟ್ಟಿಲಿಗೆ ಬಳಸುವುದಾದರೆ 300 ಮಿ.ಮೀ. ಇಟ್ಟುಕೊಳ್ಳಿ. ಹಳೆಯ ಜಗಲಿಗಳಲ್ಲಿ 600 ಮಿ.ಮೀ. ಅಂತರ ಕಾಣುವುದು ಅಪರೂಪವಲ್ಲ. ಮರದ ಹಲಗೆ ಅದನ್ನು ತಡೆದುಕೊಂಡಿತ್ತು, ಕಾಂಪೋಸಿಟ್ ತಡೆಯುವುದಿಲ್ಲ. ಅದು ಮರಕ್ಕಿಂತ ಬಳುಕುವ ವಸ್ತು, ತೂಕವೂ ಹೆಚ್ಚು. ನಡುವೆ ಹೊಸ ಜಂತೆ ಸೇರಿಸಲೇಬೇಕು. ತಯಾರಕರು ಕೊಡುವ ಕರಪತ್ರದಲ್ಲಿ ಈ ಅಂಕಿ ಬರೆದಿರುತ್ತದೆ. ಅದಕ್ಕಿಂತ ಅಗಲ ಬಿಟ್ಟರೆ ನೆಲ ತೂಗಾಡುವುದಲ್ಲದೆ ವಾರಂಟಿಯೂ ಹೋಗುತ್ತದೆ.

ಈ ಬಳುಕುವ ಗುಣದಿಂದ ಇನ್ನೊಂದು ತೊಂದರೆಯಿದೆ. ಒಂದು ಜಂತೆ ಉಳಿದವಕ್ಕಿಂತ 4 ಮಿ.ಮೀ. ಮೇಲೆದ್ದಿದ್ದರೆ ಕಾಂಪೋಸಿಟ್ ಹಲಗೆ ಅದರ ಮೇಲೆ ಉಬ್ಬಿ, ಸಂಜೆಯ ಓರೆ ಬೆಳಕಿನಲ್ಲಿ ಇಡೀ ಜಗಲಿಯ ಉದ್ದಕ್ಕೆ ಅಲೆ ಕಾಣಿಸುತ್ತದೆ. ಈ ತುದಿಯಿಂದ ಆ ತುದಿಗೆ ದಾರ ಎಳೆದು ಕಟ್ಟಿ. ದಾರಕ್ಕೆ ತಾಗುವ ಜಂತೆಯನ್ನು ಕೀಸುಳಿಯಿಂದ ಹೆರೆಯಿರಿ, ತಗ್ಗಿದ್ದಕ್ಕೆ ಪಟ್ಟಿ ಕೊಟ್ಟು ಎತ್ತರಿಸಿ. 3 ಮಿ.ಮೀ. ಒಳಗೆ ಬಂದರೆ ಸಾಕು.

ಜಂತೆಗಳ ನೆತ್ತಿಗೆ ಬ್ಯುಟೈಲ್ ಅಂಟುಪಟ್ಟಿ ಹಾಕುವುದು ಅಗ್ಗದ ಕೆಲಸ, ಫಲ ದೊಡ್ಡದು. ಸ್ಕ್ರೂ ಇಳಿದ ತೂತಿನಿಂದಲೇ ನೀರು ಜಂತೆಯೊಳಗೆ ಹೋಗುವುದು. ಬ್ಯುಟೈಲ್ ಸ್ಕ್ರೂವಿನ ಕುತ್ತಿಗೆಗೆ ಅಂಟಿಕೊಂಡು ತೂತನ್ನು ಮುಚ್ಚುತ್ತದೆ. ಗೋಡೆಗೆ ಬಿಗಿದ ಪಟ್ಟಿತೊಲೆಯ ಮೇಲೆ ಲೋಹದ ಅಥವಾ ಪಿವಿಸಿ ತಗಡು ಬಾಗಿಸಿ ಕೂರಿಸಬೇಕು. ತಗಡಿನ ಮೇಲಂಚು ಗೋಡೆಯ ಹೊದಿಕೆಯ ಹಿಂದೆ ಹೋಗಬೇಕು, ಮುಂದೆ ಅಲ್ಲ.

ಗಾಳಿಯ ವಿಷಯದಲ್ಲಿ ಜಿಪುಣತನ ಬೇಡ. ಜಗಲಿಯ ಸುತ್ತ ಕೆಳಗೆ ಪೂರ್ತಿ ಮುಚ್ಚಿದ ಹಲಗೆ ಹೊಡೆದರೆ ಅಡಿಯ ಹಸಿ ಗಾಳಿ ಅಲ್ಲೇ ಉಳಿಯುತ್ತದೆ. ಹಲಗೆಯ ಅಡಿಭಾಗ ತೇವ, ಮೇಲ್ಭಾಗ ಬಿಸಿಲಿಗೆ ಒಣ ಎಂದಾದಾಗ ಹಲಗೆ ಬಾಗುವುದೂ ಇದೆ. ಎದುರುಬದುರು ಎರಡು ಬದಿಗಾದರೂ ಜಾಲರಿ ಕೊಡಿ.

ಕೆಳಗೆ ಕಾಂಕ್ರೀಟ್ ಇದ್ದರೆ

ಕಾಂಕ್ರೀಟ್ ಜಗಲಿಯ ಮೇಲೂ ಕಾಂಪೋಸಿಟ್ ಹಾಸಬಹುದು, ನೇರವಾಗಿ ಅಂಟಿಸುವಂತಿಲ್ಲ. ನೆಲದ ಮೇಲೆ ಅಲ್ಯೂಮಿನಿಯಂ ಅಥವಾ ಸಂಸ್ಕರಿಸಿದ ಮರದ ಪಟ್ಟಿಗಳನ್ನು ಕೂರಿಸಿ ಅದರ ಮೇಲೆ ಹಲಗೆ ಬರಬೇಕು. ಪಟ್ಟಿಗಳು ನೀರು ಹರಿಯುವ ದಿಕ್ಕಿನಲ್ಲೇ ಇರಲಿ. ಅಡ್ಡ ಇಟ್ಟರೆ ಪ್ರತಿ ಪಟ್ಟಿಯೂ ಒಂದೊಂದು ಕಟ್ಟೆಯಾಗಿ ನೀರನ್ನು ತಡೆದು ನಿಲ್ಲಿಸುತ್ತದೆ. ಏರುತಗ್ಗು ಸರಿಪಡಿಸಲು ಪ್ಲಾಸ್ಟಿಕ್ ಚೂರುಗಳನ್ನು ಇಡಿ, ಮರದ ಚಕ್ಕೆ ಕೊಳೆಯುತ್ತದೆ. ಪಟ್ಟಿ ಮತ್ತು ಹಲಗೆ ಸೇರಿ ನೆಲ ಕಡಿಮೆಯೆಂದರೂ 60-65 ಮಿ.ಮೀ. ಏರುತ್ತದೆ. ಹೊಸ್ತಿಲ ಕೆಳಗೆ ಅಷ್ಟು ಜಾಗವಿಲ್ಲದಿದ್ದರೆ, ಅಥವಾ ಕಾಂಕ್ರೀಟ್ ಮನೆಯ ಕಡೆಗೆ ವಾಟವಾಗಿದ್ದರೆ, ಕಾಂಪೋಸಿಟ್ ಯೋಚನೆ ಬಿಟ್ಟು ಒರಟು ಮೈಯ ಟೈಲ್ಸ್ ಹಾಕಿಸುವುದೇ ಜಾಣತನ.

ಅಳತೆ ಮತ್ತು ಲೆಕ್ಕ

ಸಾಮಾನ್ಯ ಹಲಗೆಯ ಅಗಲ 140 ಮಿ.ಮೀ., ದಪ್ಪ 23-25 ಮಿ.ಮೀ. ಹಲಗೆಗಳ ನಡುವೆ 5 ಮಿ.ಮೀ. ಸಂದಿ ಸೇರಿಸಿದರೆ ಒಂದು ಸಾಲಿಗೆ 145. ಜಗಲಿಯ ಆಳ 2.4 ಮೀಟರ್, ಹಲಗೆಗಳು ಗೋಡೆಗೆ ಸಮಾನಾಂತರ ಎಂದುಕೊಳ್ಳಿ. ಹೊರ ಅಂಚಿನಲ್ಲಿ 25 ಮಿ.ಮೀ. ಮುಂಚಾಚು, ಗೋಡೆಯ ಹತ್ತಿರ 10 ಮಿ.ಮೀ. ಬಿಡುವು. ಒಟ್ಟು ಹಾಸಬೇಕಾದದ್ದು 2415 ಮಿ.ಮೀ. 16 ಪೂರ್ತಿ ಹಲಗೆಗಳು ಮತ್ತು ಅವುಗಳ ಸಂದಿಗೆ 2320 ಹೋಯಿತು, ಉಳಿದದ್ದು 95. ಅಂದರೆ ಹದಿನೇಳನೆಯ ಹಲಗೆಯನ್ನು 95 ಮಿ.ಮೀ. ಅಗಲಕ್ಕೆ ಸೀಳಿ ಗೋಡೆಯ ಬದಿಗೆ ಹಾಕಬೇಕು. ಸೀಳಿದ ಅಂಚಿನಲ್ಲಿ ಮೇಲ್ಹೊದಿಕೆ ಇರುವುದಿಲ್ಲ. ಅದು ಗೋಡೆಯ ಕಡೆ ಮುಖ ಮಾಡಿರಲಿ, ಕಣ್ಣಿಗೂ ಕಾಣದು, ಮಳೆಯಿಂದಲೂ ದೂರ.

ಲೆಕ್ಕದಲ್ಲಿ ಕೊನೆಯ ಪಟ್ಟಿ 40-50 ಮಿ.ಮೀ.ಗೆ ಇಳಿದರೆ ಹಾಗೇ ಹಾಕಬೇಡಿ. ಅಷ್ಟು ಸಣ್ಣ ಪಟ್ಟಿಗೆ ಸ್ಕ್ರೂ ಹಿಡಿಯದು, ನೋಡಲೂ ತೇಪೆ ಹಾಕಿದಂತೆ. ಸುತ್ತ ಒಂದು ಅಂಚುಹಲಗೆ ಕೊಟ್ಟು ಸರಿದೂಗಿಸಿ. ಅಂಚುಹಲಗೆ ಕೊಟ್ಟರೆ ಹೊರಗೆ ಕಾಣುವ ಕತ್ತರಿಸಿದ ತುದಿಗಳೂ ಮುಚ್ಚಿಹೋಗುತ್ತವೆ. ಅದರಡಿಗೆ ಹೆಚ್ಚುವರಿ ಜಂತೆ ಬೇಕಾಗುತ್ತದೆ, ಅದನ್ನು ಈಗಲೇ ಹೊಡೆದುಬಿಡಿ.

ಬೇಕಾದ ಅಳತೆಗಿಂತ ಶೇ. 10ರಷ್ಟು ಹೆಚ್ಚು ತರಿಸಿ, ಓರೆ ಹಾಸಿಗೆಯಾದರೆ ಶೇ. 15. ಎಲ್ಲವೂ ಒಂದೇ ತಯಾರಿಕಾ ಗುಂಪಿನವೇ ಎಂದು ಪೊಟ್ಟಣದ ಸಂಖ್ಯೆ ನೋಡಿ. ಇಳಿಸುವಾಗ ಇಬ್ಬರು ಬೇಕು: ಗಟ್ಟಿ ಹಲಗೆ ಮೀಟರಿಗೆ ಸುಮಾರು 3 ಕಿಲೋ ತೂಗುತ್ತದೆ, ಉದ್ದದ ಹಲಗೆಯನ್ನು ಒಬ್ಬರೇ ನಡುವೆ ಹಿಡಿದು ಎತ್ತಿದರೆ ಬಾಗಿ ಹೊಯ್ದಾಡುತ್ತದೆ. ಸಮತಟ್ಟಾದ ಜಾಗದಲ್ಲಿ, ಅಡಿಗೆ ಎರಡಡಿಗೊಂದು ಆಸರೆ ಕೊಟ್ಟು, ಮೇಲೆ ಹೊದಿಸಿ ಇಡಿ. ಗೋಡೆಗೆ ಒರಗಿಸಿಟ್ಟ ಹಲಗೆ ಬಿಲ್ಲಿನಂತೆ ಬಾಗಿದರೆ ಮತ್ತೆ ನೇರವಾಗುವುದು ಕಷ್ಟ.

ಹಿಗ್ಗುವ ಲೆಕ್ಕ

ಮರ ತೇವಕ್ಕೆ ಅಗಲದಲ್ಲಿ ಉಬ್ಬುತ್ತದೆ. ಕಾಂಪೋಸಿಟ್ ಮುಖ್ಯವಾಗಿ ಬಿಸಿಗೆ ಉದ್ದದಲ್ಲಿ ಹಿಗ್ಗುತ್ತದೆ. 5 ಮೀಟರ್ ಉದ್ದದ ಹಲಗೆ 30 ಡಿಗ್ರಿ ಸೆಲ್ಸಿಯಸ್ ಏರುಪೇರಿಗೆ ಸುಮಾರು 6 ಮಿ.ಮೀ. ಉದ್ದವಾಗಬಹುದು. ಬೆಳಗಿನ ಜಾವದ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ ಹಲಗೆಯ ಮೈ 30 ಡಿಗ್ರಿ ಏರುವುದು ದೊಡ್ಡ ಮಾತಲ್ಲ. ಎರಡು ಹಲಗೆಗಳ ತುದಿಗಳನ್ನು ಒತ್ತಿ ಕೂರಿಸಿದರೆ ಮಧ್ಯಾಹ್ನ ಅವು ಒಂದನ್ನೊಂದು ನೂಕಿ ಮೇಲೇಳುತ್ತವೆ.

ಆದ್ದರಿಂದ ತುದಿಯಿಂದ ತುದಿಗೆ 3ರಿಂದ 5 ಮಿ.ಮೀ., ಗೋಡೆ ಮತ್ತು ಕಂಬಗಳ ಹತ್ತಿರ 6ರಿಂದ 12 ಮಿ.ಮೀ. ಬಿಡಿ. ಬಿಸಿಯ ದಿನ ಹಾಸುತ್ತಿದ್ದರೆ ಹಲಗೆ ಆಗಲೇ ಹಿಗ್ಗಿದೆ, ಕಡಿಮೆ ಸಂದಿ ಸಾಕು. ಚಳಿಯಲ್ಲಿ ಹಾಸುತ್ತಿದ್ದರೆ ಹೆಚ್ಚು ಬಿಡಿ. ಕರಪತ್ರದಲ್ಲಿ ತಾಪಮಾನಕ್ಕೆ ತಕ್ಕ ಕೋಷ್ಟಕ ಇರುತ್ತದೆ, ಅದನ್ನೇ ಅನುಸರಿಸಿ. ನೆರಳಿನಲ್ಲಿಟ್ಟ ಹಲಗೆಯನ್ನೂ ಬಿಸಿಲಿಗೆ ಕಾದ ಹಲಗೆಯನ್ನೂ ಒಂದೇ ಅಳತೆಗೆ ಕತ್ತರಿಸಬೇಡಿ, ಸಂಜೆಗೆ ಎರಡೂ ಬೇರೆ ಬೇರೆ ಉದ್ದ ಆಗಿರುತ್ತವೆ. ಸಾಧ್ಯವಿದ್ದರೆ ತುದಿ ಜೋಡಣೆಯೇ ಇಲ್ಲದಂತೆ ಯೋಜಿಸಿ. ಜಗಲಿಯ ಆಳ ಸಾಮಾನ್ಯವಾಗಿ ಒಂದು ಹಲಗೆಯ ಉದ್ದಕ್ಕಿಂತ ಕಡಿಮೆಯೇ, ಹೊರಮುಖವಾಗಿ ಹಾಸಿದರೆ ಒಂದೂ ಜೋಡಣೆ ಬರುವುದಿಲ್ಲ. ಜೋಡಣೆ ಬಂದೇ ಬರುತ್ತದೆ ಎಂದಾದರೆ ಆ ಜಾಗದಲ್ಲಿ ಎರಡು ಜಂತೆಗಳನ್ನು ಪಕ್ಕಪಕ್ಕ ಇಟ್ಟು, ಪ್ರತಿ ತುದಿಗೂ ಅದರದೇ ಆಸರೆ ಕೊಡಿ.

ಹಾಸುವುದು

ಮೊದಲ ಹಲಗೆಗೆ ಅವಸರ ಬೇಡ, ಉಳಿದವೆಲ್ಲ ಅದನ್ನೇ ಹಿಂಬಾಲಿಸುತ್ತವೆ. ಹೊರ ಅಂಚಿಗೆ ದಾರ ಎಳೆದು, ಮೂಲೆಮಟ್ಟದಿಂದ ಲಂಬ ನೋಡಿ, ಪೂರ್ತಿ ಅಗಲದ ಹಲಗೆಯಿಂದ ಶುರುಮಾಡಿ. ಮುಂಚಾಚು 25 ಮಿ.ಮೀ. ದಾಟದಿರಲಿ. ಗುರುತಿನ ಗೆರೆಗೆ ಬಣ್ಣದ ಸೀಮೆಸುಣ್ಣದ ಪುಡಿ ಬಳಸಬೇಡಿ. ಕೆಂಪು, ನೀಲಿ ಪುಡಿ ಹಲಗೆಯ ಮೈಗೆ ಹಿಡಿದರೆ ತೊಳೆದರೂ ಹೋಗುವುದಿಲ್ಲ. ಬಿಳಿಯ ಟಾಲ್ಕಮ್ ಪುಡಿ ಸಾಕು.

ಪಕ್ಕದಲ್ಲಿ ಸೀಳಿರುವ ಹಲಗೆಗೆ ಕ್ಲಿಪ್ ಬರುತ್ತದೆ. ಕ್ಲಿಪ್ ಸೀಳಿನೊಳಗೆ ಕೂತು, ಅದರ ಸ್ಕ್ರೂ ಜಂತೆಗೆ ಇಳಿಯುತ್ತದೆ, ಮೇಲಿನಿಂದ ಏನೂ ಕಾಣದು, ಸಂದಿಯ ಅಳತೆಯೂ ತಾನಾಗಿ ಬರುತ್ತದೆ. ಜಗಲಿ ಮನೆಯ ಮುಖ, ಹಾಗಾಗಿ ಕ್ಲಿಪ್‌ಗೆ ನನ್ನ ಒಲವು. ಮುಂದಿನ ಹಲಗೆ ಪೂರ್ತಿ ಕೂರುವವರೆಗೆ ಹಿಂದಿನ ಕ್ಲಿಪ್ಪಿನ ಸ್ಕ್ರೂವನ್ನು ಕೊನೆಯವರೆಗೆ ಬಿಗಿಯಬೇಡಿ. ಮೊದಲ ಹಾಗೂ ಕೊನೆಯ ಹಲಗೆ, ಮೆಟ್ಟಿಲು, ಅಂಚುಹಲಗೆಗಳಿಗೆ ಸೀಳಿಲ್ಲದ ಚೌಕ ಅಂಚಿನ ಹಲಗೆ ತಂದು ಮೇಲಿನಿಂದಲೇ ಸ್ಕ್ರೂ ಹಾಕಬೇಕಾಗುತ್ತದೆ. ಅಲ್ಲಿ ಪ್ರತಿ ಜಂತೆಗೆ ಎರಡು ಸ್ಕ್ರೂ, ಅಂಚಿನಿಂದ 25 ಮಿ.ಮೀ. ಒಳಗೆ, ನೇರವಾಗಿ. ಹಲಗೆಯ ತುದಿಯ ಹತ್ತಿರ ಮೊದಲೇ ಸಣ್ಣ ತೂತು ಕೊರೆದುಕೊಳ್ಳಿ. ಸಾಮಾನ್ಯ ಮರದ ಸ್ಕ್ರೂ ಹಾಕಿದರೆ ತೂತಿನ ಸುತ್ತ ವಸ್ತು ಅಣಬೆಯ ತಲೆಯಂತೆ ಉಬ್ಬಿಕೊಳ್ಳುತ್ತದೆ; ಕಾಂಪೋಸಿಟ್‌ಗೆಂದೇ ಬರುವ ಸ್ಕ್ರೂವಿನ ಮೇಲ್ಭಾಗದ ಉಲ್ಟಾ ಎಳೆ ಆ ಪುಡಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮೊಳೆ ಮತ್ತು ಮೊಳೆಗನ್ ಈ ಕೆಲಸಕ್ಕಲ್ಲ.

ಸ್ಕ್ರೂವಿನ ಲೋಹದ ಬಗ್ಗೆ ಒಂದು ಮಾತು. ಇಂದಿನ ಸಂಸ್ಕರಿಸಿದ ಮರದಲ್ಲಿ ತಾಮ್ರದ ರಾಸಾಯನಿಕ ಇರುತ್ತದೆ, ಅದು ಸಾದಾ ಉಕ್ಕನ್ನು ಬೇಗ ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ತಯಾರಕರು ಒಪ್ಪಿದ ಲೇಪನದ ಸ್ಕ್ರೂವೇ ಇರಲಿ. ಸಮುದ್ರದ ಉಪ್ಪುಗಾಳಿ ಬೀಸುವ ಕಡೆ 316 ದರ್ಜೆಯ ಸ್ಟೇನ್‌ಲೆಸ್ ಬೇಕು.

ಟಂಗ್ ಅಂಡ್ ಗ್ರೂವ್ ಹಲಗೆಗೆ ನಾಲಗೆಯ ಬುಡದಲ್ಲಿ 45 ಡಿಗ್ರಿ ಓರೆಯಾಗಿ ಸ್ಕ್ರೂ ಇಳಿಸುತ್ತಾರೆ, ಮುಂದಿನ ಹಲಗೆಯ ಸೀಳು ಅದನ್ನು ಮುಚ್ಚುತ್ತದೆ. ಹಲಗೆಯನ್ನು ಸೇರಿಸುವಾಗ ಸುತ್ತಿಗೆಯಿಂದ ನೇರ ಬಡಿದರೆ ನಾಲಗೆ ಮುರಿಯುತ್ತದೆ. ಅದೇ ಹಲಗೆಯ ತುಂಡೊಂದನ್ನು ನಡುವೆ ಇಟ್ಟು ಅದರ ಮೇಲೆ ಬಡಿಯಿರಿ.

ಕಂಬದ ಸುತ್ತ ಕತ್ತರಿಸುವ ಕ್ರಮ ಹೀಗೆ. ಹಲಗೆಯನ್ನು ಕಂಬಕ್ಕೆ ತಾಗಿಸಿಟ್ಟು ಎರಡು ಬದಿಯ ಗೆರೆ ಎಳೆಯಿರಿ, ಪ್ರತಿ ಬದಿಗೂ 6 ಮಿ.ಮೀ. ಹೆಚ್ಚು ಸೇರಿಸಿ. ಕತ್ತರಿಸಿ ತೆಗೆಯುವ ಭಾಗದ ಒಳಮೂಲೆಗಳಲ್ಲಿ ಮೊದಲು 10 ಮಿ.ಮೀ. ಡ್ರಿಲ್‌ನಿಂದ ದುಂಡು ತೂತು ಕೊರೆಯಿರಿ. ಆಮೇಲೆ ಜಿಗ್‌ಸಾ ಗರಗಸದಿಂದ ತೂತಿನವರೆಗೆ ಕತ್ತರಿಸುತ್ತ ಬನ್ನಿ. ಚೂಪು ಮೂಲೆ ಬಿಟ್ಟರೆ ಹಲಗೆ ಹಿಗ್ಗಿ ಕುಗ್ಗುವಾಗ ಬಿರುಕು ಹುಟ್ಟುವುದು ಅಲ್ಲಿಂದಲೇ. ದುಂಡು ಮೂಲೆಯಲ್ಲಿ ಬಿರುಕು ಶುರುವಾಗುವುದು ಕಷ್ಟ. ಉಳಿದ ಸಂದಿಯನ್ನು ಕಂಬದ ಬುಡಪಟ್ಟಿ ಮುಚ್ಚುತ್ತದೆ. ಆ ಪಟ್ಟಿಯನ್ನು ಕಂಬಕ್ಕೆ ಹೊಡೆಯಿರಿ, ನೆಲಕ್ಕಲ್ಲ. ಸಂದಿಗೆ ಸೀಲಂಟ್ ತುಂಬಬೇಡಿ. ನೀರು ಇಳಿಯಬೇಕಾದ ಜಾಗ ಅದು.

ನೇರ ಕತ್ತರಿಕೆಗೆ ಕಾರ್ಬೈಡ್ ಹಲ್ಲಿನ ಗರಗಸ ಬೇಕು. ಕತ್ತರಿಸುವಾಗ ಉದುರುವ ಪುಡಿಯಲ್ಲಿ ಪ್ಲಾಸ್ಟಿಕ್ ಇದೆ, ಅದು ಮಣ್ಣಿಗೆ ಸೇರಬಾರದು. ಅಡಿಗೆ ಟಾರ್ಪಾಲು ಹಾಸಿಕೊಂಡು ಕೆಲಸ ಮಾಡಿ, ದಿನದ ಕೊನೆಗೆ ಗುಡಿಸಿ ಚೀಲಕ್ಕೆ ತುಂಬಿ. ಉಳಿದ ತುಂಡುಗಳನ್ನು ಒಲೆಗೆ ಹಾಕುವುದಂತೂ ಖಂಡಿತ ಬೇಡ, ಹೊಗೆ ವಿಷದ್ದು.

ಮೈಮೇಲೆ ಮರದ ಗೆರೆಯ ವಿನ್ಯಾಸವಿರುವ ಹಲಗೆಗಳಲ್ಲಿ ಬಣ್ಣದ ಛಾಯೆ ಒಂದರಿಂದ ಒಂದಕ್ಕೆ ಬೇರೆಯಿರುತ್ತದೆ. ಸ್ಕ್ರೂ ಹಾಕುವ ಮೊದಲು ಹತ್ತು ಹದಿನೈದು ಹಲಗೆಗಳನ್ನು ಬಿಡಿಯಾಗಿ ಹರವಿ, ರಸ್ತೆಯ ಕಡೆಯಿಂದ ನಿಂತು ನೋಡಿ, ಅದಲುಬದಲು ಮಾಡಿ. ಎರಡು ಪಕ್ಕದ ಹಲಗೆಗಳಲ್ಲಿ ಒಂದೇ ಗೆರೆ ಒಂದೇ ಜಾಗದಲ್ಲಿ ಬಂದರೆ ಕಣ್ಣಿಗೆ ಚುಚ್ಚುತ್ತದೆ.

ಮೆಟ್ಟಿಲಿಗೆ ಇದೇ ಹಲಗೆ, ಅಡಿಯ ಆಸರೆ 300 ಮಿ.ಮೀ.ಗೊಂದು. ಅಂಚಿಗೆ ಬೇರೆ ಬಣ್ಣದ ಹಲಗೆ ಹಾಕಿದರೆ ಕತ್ತಲಲ್ಲೂ ಮೆಟ್ಟಿಲ ತುದಿ ಕಾಣುತ್ತದೆ.

ಆಮೇಲಿನ ಆರೈಕೆ

ಬಣ್ಣ, ಪಾಲಿಶ್ ಬೇಡ. ಆದರೆ ತೊಳೆಯುವುದೇ ಬೇಡ ಎಂದಲ್ಲ. ಬೂಷ್ಟು ಬೆಳೆಯುವುದು ಹೆಚ್ಚಾಗಿ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಕೂತ ಧೂಳು, ಪರಾಗ, ಕೊಳೆತ ಎಲೆಯ ಮೇಲೆ. ಸಾಬೂನು ನೀರು, ಮೆತ್ತನೆಯ ಬ್ರಷ್ ಸಾಕು. ಹಲಗೆಗಳ ಸಂದಿಯಲ್ಲಿ ಎಲೆಕಸ ಕಟ್ಟಿಕೊಂಡರೆ ತೆಳು ಪಟ್ಟಿಯಿಂದ ಕೆದಕಿ ತೆಗೆಯಿರಿ, ಇಲ್ಲದಿದ್ದರೆ ನೀರು ಇಳಿಯುವ ದಾರಿ ಮುಚ್ಚಿ ಅಡಿಯ ಜಂತೆಗೆ ತೇವ ಹಿಡಿಯುತ್ತದೆ. ತಂತಿ ಬ್ರಷ್, ಮರಳು ಕಾಗದ ಮುಟ್ಟಿಸಬೇಡಿ. ಹೊದಿಕೆ ಸವೆದರೆ ಮತ್ತೆ ಬರುವುದಿಲ್ಲ.

ಬಾಗಿಲ ಮುಂದೆ ರಬ್ಬರ್ ತಳದ ಕಾಲೊರಸು ಹಾಕಿದರೆ ಅದರಡಿಯ ಬಣ್ಣ ಬದಲಾಗಿ, ತೆಗೆದ ಮೇಲೂ ಅಚ್ಚು ಉಳಿಯುತ್ತದೆ. ನೇಯ್ದ ಬಟ್ಟೆಯದೋ ನಾರಿನದೋ ಹಾಕಿ, ಆಗಾಗ ಎತ್ತಿ ಒಣಗಿಸಿ. ಹೂಕುಂಡಕ್ಕೆ ಕಾಲು ಕೊಟ್ಟು ಅಡಿಯಲ್ಲಿ ಗಾಳಿಯಾಡಲು ಬಿಡಿ. ಕಿಟಕಿಗೆ ಶಾಖ ತಡೆಯುವ ಲೇಪನದ ಗಾಜಿದ್ದರೆ ಅದು ಪ್ರತಿಫಲಿಸಿದ ಬಿಸಿಲು ಹಲಗೆಯ ಒಂದೇ ಜಾಗದಲ್ಲಿ ಸೇರಿ ಮೈ ಮೆತ್ತಗಾಗುವಷ್ಟು ಕಾಯಿಸಬಲ್ಲದು. ನೆಲದ ಮೇಲೆ ಕಣ್ಣು ಕೋರೈಸುವ ಬೆಳಕಿನ ಪಟ್ಟೆ ಬೀಳುತ್ತಿದೆಯೇ ನೋಡಿ. ಬೀಳುತ್ತಿದ್ದರೆ ಆ ಗಾಜಿಗೆ ಹೊರಗಿನಿಂದ ಪರದೆ ಕೊಡಬೇಕು.

ವರ್ಷಕ್ಕೊಮ್ಮೆ, ಮಳೆ ಕಳೆದ ಮೇಲೆ, ಟಾರ್ಚ್ ಹಿಡಿದು ಜಗಲಿಯ ಅಡಿಗೆ ಇಣುಕಿ. ಜಂತೆಯ ಮೇಲೆ ನೀರಿನ ಕಲೆ, ಪಟ್ಟಿತೊಲೆಯ ಬಳಿ ಹಸಿ, ತುಕ್ಕು ಹಿಡಿದ ಸ್ಕ್ರೂ ಕಂಡರೆ ಆಗಲೇ ಸರಿಪಡಿಸಿ. ಉಳಿದ ಎರಡು ಮೂರು ಹಲಗೆಗಳನ್ನು ಎಸೆಯದೆ ನೆರಳಿನಲ್ಲಿ ಮಟ್ಟಸವಾಗಿ ಮಲಗಿಸಿಟ್ಟುಕೊಳ್ಳಿ. ಪೊಟ್ಟಣದ ಮೇಲಿನ ಬಣ್ಣದ ಹೆಸರು ಮತ್ತು ಗುಂಪಿನ ಸಂಖ್ಯೆಯನ್ನು ಅವುಗಳ ಅಡಿಬದಿಗೇ ಬರೆದಿಡಿ. ಕಂಪನಿಗಳು ಬಣ್ಣ ಬದಲಿಸುತ್ತಲೇ ಇರುತ್ತವೆ, ಮುಂದೆ ಒಂದು ಹಲಗೆ ಒಡೆದರೆ ಹೊಂದುವ ತುಂಡು ಅಂಗಡಿಯಲ್ಲಿ ಸಿಗುವ ಭರವಸೆಯಿಲ್ಲ.